ವಲ್ಲಿಯ ಕೆಳಗೆ ಹೇಳಿದ ಸಂಖ್ಯೆ

ಕಾಕಾನನ್ನು ನೋಡಲು ಮನೆಗೆ ಬಂದವರಿಗೆಲ್ಲ ಕಾಕು ಒಂದೇ ಕಥೆ ಹೇಳುತ್ತಾರೆ. ಡಾಕ್ಟರು ಎರಡು ದಾರಿ ತೋರಿಸಿದರು, ಕಾಕಾ ಒಂದು ನಿಮಿಷವೂ ತಡಮಾಡದೆ ಹೊಸ ಔಷಧದ ದಾರಿಯನ್ನೇ ಹಿಡಿದರು, ಅಂಥ ಗಟ್ಟಿ ಮನಸ್ಸು ಯಾರಿಗಿದೆ ಹೇಳಿ, ಎಂದು. ಬಂದವರು ತಲೆದೂಗುತ್ತಾರೆ. ನನ್ನ ಅಪ್ಪನೂ ಫೋನಿನಲ್ಲಿ ವಿಜಯಪುರದ ನೆಂಟರಿಗೆ ಇದನ್ನೇ ಹೇಳುತ್ತಾರೆ, ಅದೇ ಒಂದು ನಿಮಿಷದ ಮಾತಿನ ಸಮೇತ.

ಇದರಲ್ಲಿ ಒಂದು ವಾಕ್ಯವೂ ಸುಳ್ಳಲ್ಲ. ದಾರಿ ಎರಡಿದ್ದವು. ಕಾಕಾ ತಡಮಾಡಲಿಲ್ಲ. ಮನಸ್ಸು ಗಟ್ಟಿಯೇ. ಆದರೂ ಕಥೆ ತಪ್ಪು. ನಿಜವಾದ ವಾಕ್ಯಗಳನ್ನೇ ಸಾಲಾಗಿ ನಿಲ್ಲಿಸಿ ತಪ್ಪು ತೀರ್ಮಾನಕ್ಕೆ ಕರೆದೊಯ್ಯುವುದು ಹೇಗೆಂದು ನನಗೆ ಚೆನ್ನಾಗಿ ಗೊತ್ತು. ಕಾಲೇಜಿನ ಐದು ವರ್ಷ ಚರ್ಚಾಸ್ಪರ್ಧೆಗಳಲ್ಲಿ ಅದನ್ನೇ ಮಾಡಿ ಕಪ್ ಗೆದ್ದು ತಂದವಳು ನಾನು. ಎದುರು ಪಕ್ಷದವರು ಹೀಗೆ ಹೇಳಿದ್ದರೆ ಎದ್ದು ನಿಂತು ಒಂದೇ ಪ್ರಶ್ನೆ ಕೇಳುತ್ತಿದ್ದೆ: ಆರಿಸಿದರು ಸರಿ, ಯಾವ ಆಧಾರದ ಮೇಲೆ ಆರಿಸಿದರು?

ಆ ಆಧಾರ ಕೊಟ್ಟವಳು ನಾನು. ಕಾಕುವಿಗೆ ಇದು ಗೊತ್ತಿಲ್ಲ.

ಕಾಕಾ ಎಂದರೆ ಅಪ್ಪನ ತಮ್ಮ, ಕಾಕು ಅವರ ಹೆಂಡತಿ. ಪುಣೆಯ ಮಾರ್ಕೆಟ್ ಯಾರ್ಡಿನಲ್ಲಿ ಕಾಕಾನದು ಒಣಮೆಣಸಿನಕಾಯಿಯ ದಲಾಲಿ ಅಂಗಡಿ. ಬ್ಯಾಡಗಿ ಕಡೆಯಿಂದ ಬಂದ ಚೀಲಗಳನ್ನು ಇಲ್ಲಿಯ ಮಸಾಲೆಯವರಿಗೆ ಮಾರಿಸಿಕೊಡುವುದು ಮೂವತ್ತು ವರ್ಷಗಳ ಅವರ ಕೆಲಸ. ಆ ಸಾಲಿನಲ್ಲಿ ಕೂತವರೆಲ್ಲ ಕೆಮ್ಮುತ್ತಾರೆ. ಗಿರಾಕಿ ಮೆಟ್ಟಿಲು ಹತ್ತುವ ಮೊದಲೇ ಸೀನುತ್ತಾನೆ, ಹಮಾಲರು ಮೂಗಿಗೆ ಬಟ್ಟೆ ಕಟ್ಟಿಕೊಂಡಿರುತ್ತಾರೆ. ಹೀಗಾಗಿ ಅವರ ಪೇಟೆಯಲ್ಲಿ ಕೆಮ್ಮು ರೋಗವಲ್ಲ, ಸರಕು ಚೆನ್ನಾಗಿದೆ ಎಂಬುದಕ್ಕೆ ಸಾಕ್ಷಿ. ಕಾಕಾ ಒಂದು ವರ್ಷಕ್ಕೂ ಹೆಚ್ಚು ಕಾಲ ಕೆಮ್ಮಿದರು. "ಈ ಸಲದ ಮಾಲು ಭಾಳ ಜೋರ್ ಅದ" ಎಂದು ತಾವೇ ನಗುತ್ತಿದ್ದರು, ಪಕ್ಕದ ಅಂಗಡಿಯವರೂ ನಗುತ್ತಿದ್ದರು.

ಬ್ಯಾಡಗಿ ಮೆಣಸಿನಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ. ಇದು ಪೇಟೆಗೆಲ್ಲ ಗೊತ್ತಿರುವ ಮಾತು. ಕಾಕಾ ಇದನ್ನೇ ಹೇಳಿ ದಿನಾ ವ್ಯಾಪಾರ ಮಾಡುತ್ತಿದ್ದರು. ಅಷ್ಟು ಸೌಮ್ಯವಾದ ಸರಕಿಗೆ ಇಷ್ಟು ಕೆಮ್ಮು ಹೇಗೆ ಬಂತು ಎಂದು ಅದನ್ನೇ ಮಾರುವವರಲ್ಲಿ ಒಬ್ಬರೂ ಕೇಳಲಿಲ್ಲ. ನಾನೂ ಕೇಳಲಿಲ್ಲ. ಊಟದ ತಟ್ಟೆಯ ಮುಂದೆ ಕೂತು ಎಲ್ಲರ ಮಾತಿಗೂ ಪುರಾವೆ ಕೇಳುವ ಹುಡುಗಿ ಎಂದು ನನಗೆ ಮನೆಯಲ್ಲಿ ಹೆಸರು. ಕಾಕಾ ನನ್ನನ್ನು ಕರೆಯುತ್ತಿದ್ದದ್ದೇ 'ವಕೀಲಬಾಯಿ' ಎಂದು. ಆ ವಕೀಲಬಾಯಿ ವರ್ಷವಿಡೀ ಆ ಕೆಮ್ಮನ್ನು ಕೇಳುತ್ತ ಅನ್ನ ಕಲಸುತ್ತಿದ್ದಳು. ಮಳೆಗಾಲದಲ್ಲಿ, ಅಂಗಡಿಯಲ್ಲಿ ಹೆಚ್ಚು ಚೀಲಗಳೇ ಇಲ್ಲದಾಗಲೂ ಕೆಮ್ಮು ನಿಲ್ಲಲಿಲ್ಲ, ಕರವಸ್ತ್ರದಲ್ಲಿ ಕೆಂಪು ಕಂಡಿತು. ಅದು ಮೆಣಸಿನಕಾಯಿಯ ಕೆಂಪಲ್ಲ ಎಂದು ಆಗ ಒಪ್ಪಿಕೊಂಡೆವು.

ಪುಪ್ಪುಸದ ಕ್ಯಾನ್ಸರ್, ಅಷ್ಟರಲ್ಲಿ ಮೂಳೆಗೂ ಇಳಿದಿತ್ತು. ಮೊದಲು ಕೀಮೋ ಕೊಟ್ಟರು. ಸ್ಕ್ಯಾನಿನಲ್ಲಿ ಕಂಡಿದ್ದ ನೆರಳು ಕುಗ್ಗಿತು, ನಾವು ಪೇಢೆ ಹಂಚಿದೆವು, ನೆರಳು ಮತ್ತೆ ಬೆಳೆಯಿತು.

ಆಸ್ಪತ್ರೆಯಲ್ಲಿ ಸರದಿಗೆ ಕಾಯುವ ಕೋಣೆಯಲ್ಲಿ ಆ ದಿನಗಳಲ್ಲಿ ಒಂದೇ ಶಬ್ದ ಓಡಾಡುತ್ತಿತ್ತು: ಇಮ್ಯುನೋ. ಇಮ್ಯುನೋಥೆರಪಿ ಎಂದು ಪೂರ್ತಿ ಯಾರೂ ಹೇಳುತ್ತಿರಲಿಲ್ಲ. ನಿಮಗೆ ಇಮ್ಯುನೋ ಶುರುವಾಯಿತೇ, ನಿಮ್ಮವರಿಗೆ ಬರೆದುಕೊಟ್ಟರೇ, ಎಂದು ಮರಾಠಿಯಲ್ಲಿ, ಹಿಂದಿಯಲ್ಲಿ, ಕೀಮೋ ಕೊಟ್ಟ ಬಾಯಿಹುಣ್ಣಿನ ನಡುವೆ ತೊದಲುತ್ತ ವಿಚಾರಿಸುತ್ತಿದ್ದರು. ಹೊಸದೊಂದಕ್ಕೆ ಸರ್ಕಾರದ ಅನುಮತಿ ಸಿಕ್ಕಿತೆಂದು ಪತ್ರಿಕೆಯಲ್ಲಿ ಬಂದರೆ ಆ ತುಂಡು ಕಾಗದ ಮಧ್ಯಾಹ್ನದೊಳಗೆ ಬೆಂಚಿನಿಂದ ಬೆಂಚಿಗೆ ಹೋಗುತ್ತಿತ್ತು. ಅಂಗಾರಕಿ ಸಂಕಷ್ಟಿಯ ದಿನ ಗಣಪತಿಯ ಪ್ರಸಾದ ಹಂಚಿದ ಹಾಗೆ, ಯಾರೂ ಬೇಡವೆನ್ನುತ್ತಿರಲಿಲ್ಲ.

ಊರಿನ ಕ್ಯಾಂಪ್ ಭಾಗದ ಒಬ್ಬ ನಿವೃತ್ತ ಗುಮಾಸ್ತರು ಅಂಥ ಒಂದು ತುಂಡನ್ನು ಪ್ಲಾಸ್ಟಿಕ್ ಕವರಿನಲ್ಲಿಟ್ಟುಕೊಂಡು ಬರುತ್ತಿದ್ದರು. ಅವರೂ ರೋಗಿಯೇ. ಒಂದು ದಿನ ನನ್ನ ಕೈಗೆ ಕೊಟ್ಟು, ಇದರಲ್ಲಿರುವ ಇಂಗ್ಲಿಷ್ ಶಬ್ದಗಳ ಅರ್ಥ ಹೇಳು ಮಗಳೇ ಎಂದರು. ನಾನು ಹೇಳಿದೆ. ಅರ್ಥ ಕೇಳಿದ್ದಕ್ಕೆ ಅರ್ಥವಷ್ಟೇ ಹೇಳಿ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. ಈ ಅನುಮತಿ ಬೇರೆ ಬಗೆಯ ಕ್ಯಾನ್ಸರಿಗೆ, ನಿಮ್ಮದಕ್ಕಲ್ಲ. ಅನುಮತಿ ಅಂದರೆ ಗುಣವಾಗುತ್ತದೆ ಎಂದಲ್ಲ, ಹಳೆಯದಕ್ಕಿಂತ ಕೆಲವರಿಗೆ ಮೇಲು ಎಂದಷ್ಟೇ. ಇಲ್ಲಿ ಬರೆದಿರುವ ತಿಂಗಳುಗಳು ಸರಾಸರಿ, ಸರಾಸರಿ ಎಂಬ ಮನುಷ್ಯ ಎಲ್ಲೂ ಇರುವುದಿಲ್ಲ. ಹೀಗೆ ಒಂದರ ಮೇಲೊಂದು. ಅವರು ಪೂರ್ತಿ ಕೇಳಿಸಿಕೊಂಡರು. "ಪೋರೀ, ತುಝ ಬರೋಬರ ಆಹೇ" ಎಂದರು, ನಿನ್ನದು ಸರಿ ಎಂದು ಒಪ್ಪಿಕೊಂಡು, ಆ ತುಂಡನ್ನು ಮೊದಲಿಗಿಂತ ಜೋಪಾನವಾಗಿ ಮಡಚಿ ಕವರಿನೊಳಗಿಟ್ಟರು. ಮುಂದಿನ ಸಲದಿಂದ ಬೇರೆ ಬೆಂಚಿನಲ್ಲಿ ಕೂತರು.

ಕಾಕಾ ಇದನ್ನೆಲ್ಲ ನೋಡುತ್ತಿದ್ದರು. ಮನೆಗೆ ಬರುವಾಗ ರಿಕ್ಷಾದಲ್ಲಿ, "ಗೆದ್ದಿ ಏನವಾ?" ಎಂದು ಕೇಳಿದರು. ಬೈದ ದನಿಯಲ್ಲ, ನಿಜವಾಗಿ ಕೇಳಿದ ದನಿ. ನಾನು ರಿಕ್ಷಾದ ತೆರೆದ ಬದಿಗೆ ಮುಖ ಮಾಡಿ ಸ್ವಾರಗೇಟ್ ನಿಲ್ದಾಣದ ಬಸ್ಸುಗಳನ್ನು ನೋಡಿದೆ.

ಡಿಸೆಂಬರಿನಲ್ಲಿ ನಮ್ಮ ಸರದಿ ಬಂತು. ಡಾಕ್ಟರು ಕರೆದಾಗ ಕಾಕಾ ಏಳಲಿಲ್ಲ. "ನೀ ಹೋಗು, ವಕೀಲಬಾಯಿ. ನನಗ ಅರ್ಧ ತಿಳೀತದ, ನಿನ್ನ ಕಾಕುಗ ಅಳೂದ ತಿಳೀತದ. ಹಿಂದ ಮುಂದ ನೋಡದ ಕೇಳು" ಎಂದು ಕಳಿಸಿದರು.

ಡಾಕ್ಟರು ನಲವತ್ತರ ಹೆಂಗಸು, ಮಾತು ಕಡಿಮೆ. ಗೆಡ್ಡೆ ನಮ್ಮ ದೇಹದ ಕಾವಲಿನವರ ಕಣ್ಣಿಗೆ ಪಟ್ಟಿ ಕಟ್ಟಿರುತ್ತದೆ, ಈ ಔಷಧ ಆ ಪಟ್ಟಿಯನ್ನು ಬಿಚ್ಚುತ್ತದೆ, ಆಮೇಲೆ ಅವರು ಯಾರನ್ನು ಹೊಡೆಯುತ್ತಾರೆ ಎಂಬುದು ನಮ್ಮ ಕೈಯಲ್ಲಿಲ್ಲ ಎಂದು ವಿವರಿಸಿದರು. ಔಷಧ ಯಾರಿಗೆ ಕೆಲಸ ಮಾಡೀತು ಎಂದು ಅಂದಾಜು ಮಾಡಲು ಗೆಡ್ಡೆಯ ಚೂರಿನ ಮೇಲೆ ಒಂದು ಪರೀಕ್ಷೆ ಮಾಡುತ್ತಾರೆ. ಕಾಕಾನ ಫಲಿತಾಂಶ ಆಶಾದಾಯಕವಾಗಿರಲಿಲ್ಲ. ಇವರ ಸ್ಥಿತಿಯಲ್ಲಿ ಹತ್ತು ಜನಕ್ಕೆ ಕೊಟ್ಟರೆ ಎಷ್ಟು ಜನಕ್ಕೆ ಕೆಲಸ ಮಾಡುತ್ತದೆ ಎಂದು ಕೇಳಿದೆ. ಸಂಖ್ಯೆ ಗುಂಪಿನದು, ಒಬ್ಬ ಮನುಷ್ಯನದಲ್ಲ ಎಂದರು. ನಮ್ಮ ಹತ್ತಿರ ಗುಂಪು ಬಿಟ್ಟು ಬೇರೇನಿದೆ ಎಂದೆ. ಕನ್ನಡಕ ತೆಗೆದು ಹೇಳಿದರು.

ಆ ಸಂಖ್ಯೆಯನ್ನು ಇಲ್ಲಿ ಬರೆಯುವುದಿಲ್ಲ. ಅದು ಒಬ್ಬ ರೋಗಿಯ ಕಾಗದಗಳನ್ನು ಮುಂದಿಟ್ಟುಕೊಂಡು ಹೇಳಿದ ಅಂದಾಜು. ಓದಿದವರು ತಮ್ಮವರಿಗೆ ಹಚ್ಚಿ ನೋಡುತ್ತಾರೆ, ನಾನು ಅವರ ಜಾಗದಲ್ಲಿದ್ದರೂ ಹಾಗೆಯೇ ಮಾಡುತ್ತಿದ್ದೆ. ಸಣ್ಣದಿತ್ತು ಎಂದರೆ ಸಾಕು.

ಹಿಂದಿನ ಸಲ ಕಾಕಾ, ಕಾಕು ಇಬ್ಬರಿಗೂ ಸೂಚಿಸಿದ್ದ ಇನ್ನೊಂದು ದಾರಿಯನ್ನೂ ಅವರು ಅಷ್ಟೇ ಹೊತ್ತು ಕೊಟ್ಟು ಹೇಳಿದರು. ರೋಗದ ಬೆನ್ನು ಹತ್ತುವುದನ್ನು ಬಿಡುವುದು. ನೋವಿಗೆ, ಉಸಿರಿಗೆ ಔಷಧ ಕೊಡುವುದು. ಈಗಿನ ಶಕ್ತಿ ಕೆಲವು ತಿಂಗಳು ಉಳಿಯಬಹುದು, ಅಂಗಡಿಯ ಹೊರಗಟ್ಟೆಯ ಮೇಲೆ ಮೂಗಿಗೆ ಮಾಸ್ಕ್ ಹಾಕಿ ಕೂರುವಷ್ಟು. ಹೊಸ ಔಷಧ ಬೇಡ ಎಂದರೆ ಅದು ತಪ್ಪು ಎಂದು ನಾನು ಹೇಳಲಾರೆ ಎಂದರು. ಕಾಕಾಗೆ ಬೇಕಾಗಿದ್ದದ್ದು ಏನು ಎಂದು ನಮಗೆಲ್ಲ ಗೊತ್ತಿತ್ತು: ಜನವರಿಯಲ್ಲಿ ಹೊಸ ಹಂಗಾಮಿನ ಮೆಣಸಿನಕಾಯಿ ಪೇಟೆಗೆ ಇಳಿಯುತ್ತದೆ. ಆ ಚೀಲಗಳ ಮುಂದೆ ಇನ್ನೊಂದು ಸಲ ಕೂರಬೇಕು ಎಂದು ದೀಪಾವಳಿಯಿಂದ ಹೇಳುತ್ತಿದ್ದರು.

ಹೊರಗೆ ಬಂದೆ. ಕಾಕು ಮೋಸಂಬಿ ಸುಲಿಯುತ್ತಿದ್ದರು. ಕಾಕಾ ನನ್ನ ಮುಖ ನೋಡಿ, ಬಾಯಿ ತೆರೆಯುವ ಮೊದಲೇ ಕೈ ಎತ್ತಿ ತಡೆದರು. "ಮಾತಿನಾಗ ಬ್ಯಾಡ. ಅಕಿ ಕೂತಾಳ" ಎಂದು ಮೆಲ್ಲಗೆ ಹೇಳಿ, ನನ್ನ ಬಲಗೈಯನ್ನು ತಮ್ಮ ಕೈಯೊಳಗೆ ತೆಗೆದುಕೊಂಡು, ಹೆಗಲ ಮೇಲಿನ ವಲ್ಲಿಯನ್ನು ಎರಡೂ ಕೈಗಳ ಮೇಲೆ ಹಾಸಿದರು.

ಹಳೆಯ ಕಾಲದ ಪೇಟೆಯಲ್ಲಿ ದರ ಮಾಡುತ್ತಿದ್ದದ್ದು ಹೀಗೆ. ಕೊಳ್ಳುವವನೂ ಮಾರುವವನೂ ಬಟ್ಟೆಯ ಕೆಳಗೆ ಕೈ ಸೇರಿಸಿ ಬೆರಳು ಹಿಡಿಯುತ್ತಾರೆ. ಎಷ್ಟು ಬೆರಳು ಹಿಡಿದರೆ ಅಷ್ಟು. ಸುತ್ತ ನಿಂತವರಿಗೆ ಬಟ್ಟೆ ಅಲುಗಿದ್ದಷ್ಟೇ ಕಾಣುತ್ತದೆ, ಯಾರ ಮುಖವೂ ಕೆಡುವುದಿಲ್ಲ. ಈಗ ಆ ಪದ್ಧತಿ ಹೋಗಿ ಎಲ್ಲರೆದುರು ಕೂಗಿ ಹರಾಜು ಮಾಡುವುದು ಬಂದಿದೆ. ಆದರೆ ಶಾಲೆಗೆ ಸೂಟಿ ಇದ್ದು ಅಂಗಡಿಗೆ ಹೋದಾಗ ಕಾಕಾ ನನಗೆ ಅದನ್ನು ಆಟವಾಗಿ ಕಲಿಸಿದ್ದರು. ಒಮ್ಮೆ ಕೈಯಲ್ಲಿ ಕೊಟ್ಟ ಸಂಖ್ಯೆಯನ್ನು ಹಿಂದೆ ತೆಗೆದುಕೊಳ್ಳುವಂತಿಲ್ಲ. ಆಮೇಲೆ ಅದರ ಬಗ್ಗೆ ಬಾಯಿಬಿಟ್ಟು ಕೇಳುವಂತಿಲ್ಲ. ಆಟಕ್ಕೂ ಪೇಟೆಗೂ ಇದೇ ನಿಯಮ.

"ಹತ್ತರಾಗ ಎಷ್ಟು?" ಎಂದರು.

ಬಾಯಲ್ಲಿ ಕೇಳಿದ್ದರೆ ನಿಜ ಹೇಳುತ್ತಿದ್ದೆ. ಇದನ್ನು ನಾನು ಗಟ್ಟಿಯಾಗಿ ನಂಬುತ್ತೇನೆ, ನಂಬದೆ ಬೇರೆ ದಾರಿಯೂ ಇಲ್ಲ. ಬಾಯಿಗೆ 'ಆದರೆ' ಇದೆ, 'ಹಾಗೆಂದು' ಇದೆ, 'ಡಾಕ್ಟರು ಇದನ್ನೂ ಹೇಳಿದರು' ಎಂಬುದಿದೆ. ಕಹಿಯಾದ ಸಂಖ್ಯೆಯನ್ನು ನಾಲ್ಕು ವಾಕ್ಯಗಳ ನಡುವೆ ಇಟ್ಟು ಕೊಡಬಹುದು. ಬೆರಳಿಗೆ ಅದೊಂದೂ ಇಲ್ಲ. ಕೀಮೋದಿಂದ ಅವರ ಉಗುರುಗಳು ಕಪ್ಪಾಗಿದ್ದವು. ಬೆರಳ ತುದಿಯಲ್ಲಿ ಸದಾ ಇರುತ್ತಿದ್ದ ಮೆಣಸಿನಕಾಯಿಯ ಬಣ್ಣ ಮಾಸಿಹೋಗಿತ್ತು. ಚಳಿಯಿಲ್ಲದ ಆ ಕಾರಿಡಾರಿನಲ್ಲಿ ಕೈ ತಣ್ಣಗಿತ್ತು.

ಡಾಕ್ಟರು ಹೇಳಿದ್ದಕ್ಕಿಂತ ಎರಡು ಬೆರಳು ಹೆಚ್ಚು ಹಿಡಿದೆ.

ಕಾಕಾ ನನ್ನ ಅಷ್ಟೇ ಬೆರಳುಗಳನ್ನು ತಿರುಗಿ ಹಿಡಿದರು. ಅದು ಖಾತ್ರಿ ಮಾಡಿಕೊಳ್ಳುವ ರೀತಿ. ನಾನು ಕೈ ಬಿಗಿ ಮಾಡಿದೆ; ಅದು ಹೌದು ಎನ್ನುವ ರೀತಿ. ಅವರು ವಲ್ಲಿಯನ್ನು ಕೊಡವಿ ಹೆಗಲಿಗೆ ಹಾಕಿಕೊಂಡು ಕಾಕುವಿನ ಕಡೆ ತಿರುಗಿ, "ನಡಿ, ಹೊಸಾ ಔಷಧ ಹಚ್ಚಿಸಿಕೊಳ್ಳೂಣು" ಎಂದರು. ಕಾಕು ಹೇಳುವ ಒಂದು ನಿಮಿಷ ಇದು.

ದಯೆಯಿಂದ ಮಾಡಿದೆ ಎಂದು ವಾದಿಸಬಹುದು. ಬೇರೆಯವರು ಮಾಡಿದ್ದರೆ ಅವರ ಪರವಾಗಿ ಹಾಗೆಯೇ ವಾದಿಸುತ್ತಿದ್ದೆನೋ ಏನೋ. ಆದರೆ ಆ ಹೊತ್ತಿನಲ್ಲಿ ದಯೆ ನನ್ನ ನೆನಪಿಗೇ ಬರಲಿಲ್ಲ. ಅವರ ಮುಖ ಇಳಿಯುವುದನ್ನು ನಾನು ನೋಡಲಾರೆ, ಅಷ್ಟೇ ಇತ್ತು. ಅದಕ್ಕೆ ಹೇಡಿತನ ಎಂಬ ಶಬ್ದವೇ ಸಾಕು. ಪತ್ರಿಕೆಯ ತುಂಡು ಹಿಡಿದ ಅಪರಿಚಿತನಿಗೆ ಸರಾಸರಿಯ ಪಾಠ ಹೇಳಿದವಳು ಇವಳೇ.

ಮೂರು ವಾರಕ್ಕೊಮ್ಮೆ ಸಲೈನಿನಂತೆ ಏರಿಸುತ್ತಿದ್ದರು. ಖರ್ಚನ್ನು ಅಪ್ಪ ಮತ್ತು ಕಾಕಾ ಸೇರಿ ಹೇಗೋ ನಿಭಾಯಿಸಿದರು. ಆ ಮಾತು ನನ್ನ ಕಿವಿಗೆ ಬೀಳದಂತೆ ನೋಡಿಕೊಂಡರು. ಪ್ರತಿ ಸಲವೂ ನಿಜ ಹೇಳಲು ಒಂದು ಅವಕಾಶವಿತ್ತು. ಪ್ರತಿ ಸಲವೂ ಹೇಳದಿರಲು ಹೊಸ ಕಾರಣ ಸಿಕ್ಕಿತು: ಈಗ ಶುರುವಾಗಿದೆ, ಈಗ ಧೈರ್ಯ ಕೆಡಿಸಬಾರದು, ಈಗ ಹೇಳಿ ಏನು ಪ್ರಯೋಜನ.

ಎರಡನೆಯ ಸಲದ ನಂತರ ಕಾಕಾನ ತೋಳಿನ ಮೇಲೆ ಕೆಂಪು ದದ್ದು ಎದ್ದಿತು, ತುರಿಕೆ. ಅವರಿಗೆ ಖುಷಿಯೋ ಖುಷಿ. ದದ್ದು ಎದ್ದರೆ ಇಮ್ಯುನೋ ಹತ್ತಿತು ಎಂದು ಆಸ್ಪತ್ರೆಯ ಬೆಂಚುಗಳಲ್ಲಿ ಎಲ್ಲರೂ ನಂಬಿದ್ದರು. "ಒಳಗ ಜಗಳ ಶುರು ಆಗೇದ ನೋಡವಾ" ಎಂದು ತೋಳು ಚಾಚಿ ತೋರಿಸಿದರು. ಆ ನಂಬಿಕೆಗೆ ಇರುವ ಆಧಾರ ಎಷ್ಟು ತೆಳುವೆಂದು ನಾನು ಓದಿದ್ದೆ. ಹೇಳಲಿಲ್ಲ. ಅದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ಸದಾಶಿವ ಪೇಠೆಯ ಕೋಚಿಂಗ್ ಕ್ಲಾಸಿನಲ್ಲಿ ನಾನು ಮಕ್ಕಳಿಗೆ ತರ್ಕ ಕಲಿಸುತ್ತೇನೆ. ಒಂದರ ನಂತರ ಇನ್ನೊಂದು ಆದ ಮಾತ್ರಕ್ಕೆ ಮೊದಲನೆಯದು ಕಾರಣವಲ್ಲ ಎಂದು ಬೆಳಿಗ್ಗೆ ಹಲಗೆಯ ಮೇಲೆ ಬರೆದು, ಸಂಜೆ ಸ್ಕೂಟರ್ ನಿಲ್ಲಿಸಿ ಕಾಕಾನ ಮನೆ ಹತ್ತಿ ಮೊದಲು ನೋಡುತ್ತಿದ್ದದ್ದು ಅವರ ತೋಳು. ದದ್ದು ಹೆಚ್ಚಿದ್ದರೆ ನನಗೆ ಹಸಿವಾಗುತ್ತಿತ್ತು. ಒಂದು ವಾರ ಕಾಕಾ ಎರಡು ಜೋಳದ ರೊಟ್ಟಿ ತಿಂದರು. ಆ ವಾರ ನಾನು ಹಿಡಿದ ಎರಡು ಹೆಚ್ಚಿನ ಬೆರಳು ಸುಳ್ಳಲ್ಲ, ಮುಂಚಿತವಾಗಿ ಹೇಳಿದ ನಿಜ ಎಂದು ನನಗೆ ನಾನೇ ವಾದಿಸಿ ಒಪ್ಪಿಸಿಬಿಟ್ಟೆ.

ಜನವರಿ ಬಂತು, ಹೊಸ ಸರಕು ಇಳಿಯಿತು. ಸುಸ್ತು ಇಳಿಯಲಿ, ನಾಲ್ಕನೆಯ ಸಲ ಆದ ಮೇಲೆ ಹೋಗುತ್ತೇನೆ ಎಂದು ಕಾಕಾ ಮುಂದೂಡಿದರು. ಅಂಗಡಿಯ ಲೆಕ್ಕ ಬರೆಯುವ ಮುನೀಮರು ಹೊಸ ಮೆಣಸಿನಕಾಯಿ ಒಂದು ಹಿಡಿ ಕಾಗದದಲ್ಲಿ ಕಟ್ಟಿ ಮನೆಗೆ ತಂದರು. ಕಾಕಾ ಒಂದನ್ನು ಮುರಿದು ಬೆಳಕಿಗೆ ಹಿಡಿದು ನೋಡಿದರು, ಅದರ ಸುಕ್ಕನ್ನು ಬೆರಳಿನಿಂದ ತಡವಿದರು. ಅಷ್ಟರಲ್ಲಿ ಕೆಮ್ಮು ಹತ್ತಿತು, ಕಾಕು ಕಾಗದವನ್ನೇ ಎತ್ತಿಕೊಂಡು ಅಡುಗೆಮನೆಗೆ ಹೋದರು.

ನಾಲ್ಕನೆಯ ಸಲ ಬರಲಿಲ್ಲ. ಮೂರನೆಯದಾದ ಹತ್ತು ದಿನಕ್ಕೆ ಕಾಕಾಗೆ ಬಚ್ಚಲಿನಿಂದ ಮಂಚದವರೆಗೆ ಬರಲು ನಡುವೆ ಎರಡು ಕಡೆ ನಿಂತು ಉಸಿರು ತೆಗೆದುಕೊಳ್ಳಬೇಕಾಯಿತು. ಸ್ಕ್ಯಾನ್ ನೋಡಿ ಡಾಕ್ಟರು ಎರಡು ವಿಷಯ ಹೇಳಿದರು. ಗೆಡ್ಡೆ ಬೆಳೆದಿದೆ. ಮತ್ತು ಔಷಧ ಎಬ್ಬಿಸಿದ ಕಾವಲಿನವರು ಚೆನ್ನಾಗಿದ್ದ ಪುಪ್ಪುಸದ ಮೇಲೇ ಕೈ ಮಾಡಿದ್ದಾರೆ. ಕೆಲವರಿಗೆ ಹೀಗಾಗುತ್ತದೆ ಎಂದು ಮೊದಲೇ ಹೇಳಿದ್ದರು, ಅದೂ ನನಗೇ. ಔಷಧ ನಿಲ್ಲಿಸಿ ಸ್ಟೀರಾಯ್ಡ್ ಶುರು ಮಾಡಿದರು.

ನಾನು ಕೇಳಬೇಕಾದ್ದನ್ನೆಲ್ಲ ಕೇಳಿದೆ. ಔಷಧ ಕೊಡದಿದ್ದರೆ ಈಗ ಅಂಗಡಿಗೆ ಹೋಗುವಂತಿರುತ್ತಿದ್ದರೇ? ಇರಬಹುದು. ಗೆಡ್ಡೆಯೇ ಇಷ್ಟರಲ್ಲಿ ಉಸಿರು ಹಿಡಿಯುತ್ತಿತ್ತೇ? ಅದೂ ಆಗಬಹುದಿತ್ತು. ಔಷಧದಿಂದ ಬಂದ ಪುಪ್ಪುಸದ ಉರಿಯೂತ ಇಳಿಯುತ್ತದೆಯೇ? ನೋಡೋಣ. ಡಾಕ್ಟರು ನುಣುಚಿಕೊಳ್ಳುತ್ತಿರಲಿಲ್ಲ, ಅವರಿಗೆ ಗೊತ್ತಿದ್ದದ್ದು ಅಷ್ಟೇ. ಎದುರಿಗೆ ಒಬ್ಬ ವಾದಿ ಇದ್ದರೆ ನಾನು ನಿಲ್ಲಬಲ್ಲೆ. ಅಲ್ಲಿ ಯಾರೂ ಇರಲಿಲ್ಲ. ಔಷಧದ್ದು ತಪ್ಪಲ್ಲ, ಅದು ಕೆಲವರನ್ನು ಉಳಿಸುತ್ತದೆ; ಆ ಗುಮಾಸ್ತರಿಗೆ ಕೊನೆಗೆ ಬೇರೊಂದು ಇಮ್ಯುನೋ ಬರೆದುಕೊಟ್ಟರು, ಅವರು ಈಗಲೂ ತಮ್ಮ ಕಾಲ ಮೇಲೆ ನಡೆದು ಬರುತ್ತಾರೆ, ದೂರದಿಂದ ನನಗೆ ಕೈ ಎತ್ತುತ್ತಾರೆ. ಡಾಕ್ಟರದ್ದೂ ತಪ್ಪಲ್ಲ. ಎಣಿಸುತ್ತ ಹೋದರೆ ಉಳಿಯುವವಳು ಒಬ್ಬಳೇ, ಅವಳ ವಿರುದ್ಧವೂ ಪುರಾವೆ ಸಾಲದು.

ಕಾಕಾ ಈಗ ಮನೆಯಲ್ಲಿದ್ದಾರೆ. ಮಂಚದ ಪಕ್ಕದಲ್ಲಿ ಆಕ್ಸಿಜನ್ ಯಂತ್ರ ಗುಂಯ್ ಎನ್ನುತ್ತಿರುತ್ತದೆ. ಮಾರ್ಕೆಟ್ ಯಾರ್ಡ್ ಮೈಲಿಗೂ ಕಡಿಮೆ ದೂರ, ಬೆಳಿಗ್ಗೆ ಲಾರಿಗಳು ತಿರುಗುವ ಸದ್ದು ಕಿಟಕಿಗೆ ಬರುತ್ತದೆ. ಕಳೆದ ವಾರ ಕಾಕುವಿನ ತಮ್ಮ ಫೋನಿಗೆ ಒಂದು ಸುದ್ದಿ ಕಳಿಸಿದರು, ಇನ್ನೊಂದು ಹೊಸದಕ್ಕೆ ಅನುಮತಿ ಸಿಕ್ಕಿತೆಂದು. ಕಾಕು ಅದನ್ನು ನನ್ನ ಮುಂದೆ ಹಿಡಿದರು.

"ಇದು ಬ್ಯಾರೇ ಅದ ಅಲ್ಲಾ? ಮೊದಲಿಂದು ಅಲ್ಲ ಅಲ್ಲಾ?"

"ಹೌದ್ರಿ ಕಾಕು, ಬ್ಯಾರೇ ಅದ."

"ಹಂಗಾರ ಡಾಕ್ಟರಿಗೆ ಕೇಳೂಣಲ್ಲ?"

ಅದು ಕಾಕಾನ ರೋಗಕ್ಕೆ ಸಂಬಂಧಿಸಿದ್ದೇ ಅಲ್ಲ. ಕೇಳೋಣ ಎಂದೆ. ಕಾಕಾ ಮಂಚದಿಂದ ನನ್ನನ್ನೇ ನೋಡುತ್ತಿದ್ದರು, ನನ್ನ ಮಾತಿನಲ್ಲಿ ಏನೋ ತೂಗಿ ನೋಡುವವರಂತೆ. ಮತ್ತೆ ಆಸೆ ಮೂಡುತ್ತಿತ್ತು, ಅದರ ಕೆಳಗೆ ಮತ್ತೆ ನನ್ನದೇ ರುಜು ಬೀಳುತ್ತಿತ್ತು.

ನಿನ್ನೆ ಮಧ್ಯಾಹ್ನ ಸೊಲ್ಲಾಪುರದ ನೆಂಟರು ಬಂದು ಹೋದರು. ಕಾಕು ಅವರಿಗೂ ಆ ಒಂದು ನಿಮಿಷದ ಕಥೆ ಹೇಳಿ, ಲಿಫ್ಟಿನವರೆಗೆ ಬಿಡಲು ಹೋದರು. ಕಾಕಾ ಎಚ್ಚರವಿದ್ದರು. ಮಾತಾಡಿದರೆ ಉಸಿರು ಸಾಲುವುದಿಲ್ಲ, ಆದರೆ ತಲೆ ಅಲ್ಲಾಡಿಸುತ್ತಾರೆ, ಕೇಳಿದ್ದಕ್ಕೆ ಒಂದೆರಡು ಶಬ್ದ ಹೇಳುತ್ತಾರೆ. ನಾನು ಕುರ್ಚಿಯನ್ನು ಮಂಚದ ಹತ್ತಿರ ಎಳೆದುಕೊಂಡೆ. ಕೈಯಲ್ಲಿ ಕೊಟ್ಟದ್ದರ ಬಗ್ಗೆ ಬಾಯಿಬಿಡಬಾರದು ಎಂಬುದು ಅವರ ಪೇಟೆಯ ನಿಯಮ, ನನ್ನದಲ್ಲ ಎಂದು ಒಳಗೊಳಗೇ ಹೇಳಿಕೊಂಡು ಶುರು ಮಾಡಿದೆ.

"ಕಾಕಾ, ಅವತ್ತ ಆಸ್ಪತ್ರ್ಯಾಗ ನಾ ನಿಮ್ಮ ಕೈಯಾಗ ಕೊಟ್ಟದ್ದು ಡಾಕ್ಟರ್ ಹೇಳಿದ ಸಂಖ್ಯೆ ಅಲ್ಲರಿ. ಎರಡು ಜಾಸ್ತಿ ಹಿಡಿದಿದ್ದೆ."

ಅವರು ಕಣ್ಣು ಮುಚ್ಚಲಿಲ್ಲ, ಮುಖ ತಿರುಗಿಸಲಿಲ್ಲ. ಹೊರಗೆ ಲಿಫ್ಟಿನ ಬಾಗಿಲು ಮುಚ್ಚಿದ ಸದ್ದಾಯಿತು, ಕಾಕುವಿನ ಚಪ್ಪಲಿ ಈ ಕಡೆ ಬರತೊಡಗಿತು. ಉಳಿದದ್ದನ್ನು ಬೇಗ ಕೇಳಿದೆ.

"ಖರೇ ಹೇಳಿದ್ದರ, ನೀವು ಈ ಔಷಧ ಬಿಟ್ಟು ಅಂಗಡಿಗೆ ಹೋಗತಿದ್ರೇನ್ರಿ?"